ಹಿರಿಯರ ಜತೆ ಬಾದಾಮಿಯೋ, ಪಟ್ಟದಕಲ್ಲೋ, ವಿಜಯಪುರವೋ, ಬೆಳಗಾವಿಯೋ?

ದೀಪಾವಳಿ ಮುಗಿದು ಚಳಿ ಬಿದ್ದರೆ ಸಾಕು, ಬಾಗಲಕೋಟೆಯ ನಮ್ಮ ಮನೆಗೆ ಫೋನ್ ಶುರು. ಬೆಂಗಳೂರಿನಿಂದ ತಂಗಿ, ಪುಣೆಯಿಂದ ಚಿಕ್ಕಮ್ಮನ ಮಗ, ಮೈಸೂರಿನಿಂದ ಹಳೆಯ ಗೆಳತಿ. "ಅಕ್ಕಾ, ಈ ಸಲ ಅತ್ತಿ-ಮಾವನ್ನ ಕರಕೊಂಡು ಬರತೀವಿ. ಎರಡ ದಿನ ಅದಾವ. ಬಾದಾಮಿ ಛಲೋನೋ, ಬಿಜಾಪುರ ಛಲೋನೋ?" ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಅತ್ತೆಯವರು ಮನೆಯ ಮಹಡಿ ಹತ್ತುತ್ತಾರಾ? ಹತ್ತಿ ಮೇಲೆ ನಿಂತ ಕೂಡಲೇ ಮಾತಾಡುತ್ತಾರಾ, ಇಲ್ಲ ಮೊದಲು ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುತ್ತಾರಾ?

ಈ ಪ್ರಶ್ನೆ ನನಗೆ ತಡವಾಗಿ ಹೊಳೆದದ್ದು. ಕೆಲವು ವರ್ಷದ ಹಿಂದೆ ನಮ್ಮ ಅವ್ವನನ್ನು ಒಂದು ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಕರೆದುಕೊಂಡು ಹೋಗಿದ್ದೆವು. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಬನಶಂಕರಿ. ಅವ್ವನಿಗೆ ಆಗ 71 ವರ್ಷ, ಎರಡೂ ಮೊಣಕಾಲಲ್ಲಿ ನೋವು. ಬಾದಾಮಿಯ ಗುಹೆಗಳ ಕೆಳಗೆ ನಿಂತು ಮೇಲೆ ನೋಡಿದಳು. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡ್ರತೀನಿ" ಅಂದಳು. ಪಟ್ಟದಕಲ್ಲಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ, ಕಲ್ಲು ಕಾದಿತ್ತು. ಅಲ್ಲೂ ಅದೇ ಮಾತು. ಸಂಜೆ ಕಾರಿನಲ್ಲಿ ನಮ್ಮ ಮೊಬೈಲಿನ ಫೋಟೊಗಳನ್ನು ಒಂದೊಂದೇ ಸರಿಸಿ ನೋಡಿದಳು. ಆ ಫೋಟೊ ಮನೆಯಲ್ಲೇ ಕೂತು ನೋಡಬಹುದಿತ್ತು, ಅಲ್ವಾ? ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಅವ್ವ, ಅತ್ತೆ, ಕಾಕಾ, ಬೀಗರು ಅಂತ ಸುಮಾರು ಜನ ಹಿರಿಯರನ್ನು ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರೂ ಜಿಲ್ಲೆಗಳಲ್ಲಿ ಸುತ್ತಾಡಿಸಿದ್ದೇನೆ. "ನಾ ಇಲ್ಲೇ ಕುಂಡ್ರತೀನಿ" ಅನ್ನುವ ಮಾತು ಅವರ ಬಾಯಿಂದ ಬರದ ಹಾಗೆ ಜಾಗ ಆರಿಸುವುದು ಹೇಗೆ ಅಂತ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಏನನ್ನು ಅಳೆಯಬೇಕು

ಎಲ್ಲರೂ ಕೇಳುವುದು ಎಷ್ಟು ದೂರ ನಡೆಯಬೇಕು ಅಂತ. ನಮ್ಮ ಕಡೆಯ ಗುಡಿ, ಗುಮ್ಮಟಗಳಲ್ಲಿ ದೂರ ಅಷ್ಟು ದೊಡ್ಡ ವಿಷಯ ಅಲ್ಲ. ದಿನಾ ಬೆಳಿಗ್ಗೆ ಅರ್ಧ ತಾಸು ವಾಕಿಂಗ್ ಮಾಡುವ ಅಜ್ಜ ಇಪ್ಪತ್ತು ಮೆಟ್ಟಿಲಿಗೆ ಸೋಲಬಹುದು. ಹಾಗಾಗಿ ಮೊದಲು ಮೆಟ್ಟಿಲು ನೋಡಿ. ಎಷ್ಟು ಅನ್ನುವುದಕ್ಕಿಂತ ಎಂಥವು ಅನ್ನುವುದು ಮುಖ್ಯ. ಹಳೆಯ ಕಲ್ಲಿನ ಮೆಟ್ಟಿಲು ಒಂದರ ಹಾಗೆ ಇನ್ನೊಂದಿರುವುದಿಲ್ಲ. ಒಂದು ಗೇಣೆತ್ತರ ಇದ್ದರೆ ಮುಂದಿನದು ಒಂದೂವರೆ ಗೇಣು. ಕೈಗೆ ಆಸರೆ ಎಲ್ಲ ಕಡೆ ಸಿಗುವುದಿಲ್ಲ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ಮೊಣಕಾಲಿಗೆ ಕಷ್ಟ. ಹತ್ತಿದ್ದೇವೆ ಅನ್ನುವ ಖುಷಿಯಲ್ಲಿ ಇಳಿಯುವುದನ್ನು ಮರೆಯಬೇಡಿ. ಅವ್ವನಿಗೆ ಫಿಸಿಯೋಥೆರಪಿಯಲ್ಲಿ ಹೇಳಿಕೊಟ್ಟ ಒಂದು ಮಾತು ಬಹಳ ಉಪಯೋಗಕ್ಕೆ ಬಂದಿದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಎರಡನೆಯದು ಬರಿಗಾಲು. ಪೂಜೆ ನಡೆಯುವ ಗುಡಿ, ಮಸೀದಿ ಎಲ್ಲ ಕಡೆ ಚಪ್ಪಲಿ ಬಿಡಬೇಕು. ಚಳಿಗಾಲದಲ್ಲೂ ಹನ್ನೊಂದು ಗಂಟೆ ಆದ ಮೇಲೆ ಕಲ್ಲು ಸುಡಲು ಶುರುವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದ ಮರಗಟ್ಟಿದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಸಂಜೆ ಬೊಬ್ಬೆ ಎದ್ದಾಗಲೇ ತಿಳಿಯುವುದು. ದಪ್ಪನೆಯ, ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಸಾಕ್ಸ್ ತನ್ನಿ. ಬರೀ ನೈಲಾನ್ ಸಾಕ್ಸ್ ನುಣುಪು ಕಲ್ಲಿನ ಮೇಲೆ ಜಾರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅರ್ಧಕ್ಕೇ ನಿಂತರೆ ಏನಾದರೂ ಸಿಗುತ್ತದಾ? ಕೆಲವು ಜಾಗಗಳಲ್ಲಿ ತುದಿ ಮುಟ್ಟಿದರೆ ಮಾತ್ರ ನೋಡುವಂಥದ್ದು ಇರುತ್ತದೆ. ಇನ್ನು ಕೆಲವು ಕಡೆ ಹೆಜ್ಜೆಗೊಂದು ಚೆಲುವು. ಹಿರಿಯರಿಗೆ ಎರಡನೆಯ ಬಗೆಯ ಜಾಗವೇ ಬೇಕು.

ಶೌಚಾಲಯದ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹಿರಿಯ ಹೆಂಗಸರು ಅದಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನ ತಲೆ ಸುತ್ತುವುದು ಅದರಿಂದಲೇ ಎಷ್ಟೋ ಸಲ. ಕೂತು ಏಳಲಾಗದವರಿಗೆ ಕಮೋಡ್ ಬೇಕು. ಅದು ಎಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. ಎರಡು ಮೂರು ತಾಸಿಗೊಮ್ಮೆ ರೂಮಿಗೆ ವಾಪಸ್ ಬರುವ ಹಾಗೆ ಯೋಜನೆ ಇರಲಿ. ಅದಕ್ಕೇ ನಾನು ಊರಿನೊಳಗೇ ನೋಡುವ ಜಾಗ ಇರುವ ಕಡೆ ಉಳಿಯಿರಿ ಅನ್ನುವುದು.

ಪಟ್ಟದಕಲ್ಲು: ಎಲ್ಲಕ್ಕಿಂತ ಹಗುರ

ಇಡೀ ಸೀಮೆಯಲ್ಲಿ ಕಡಿಮೆ ಕಷ್ಟಕ್ಕೆ ಜಾಸ್ತಿ ಸಿಗುವ ಜಾಗ ಇದು. ಬಾದಾಮಿಯಿಂದ 22 ಕಿಲೋಮೀಟರ್. ಮಲಪ್ರಭೆಯ ದಂಡೆಯಲ್ಲಿ, ಒಂದೇ ಅಂಗಳದಲ್ಲಿ ಗುಡಿಗಳ ಸಾಲು. ನೆಲ ಸಮತಟ್ಟು, ನಡುವೆ ಹುಲ್ಲುಹಾಸು, ಓಡಾಡಲು ದಾರಿ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿನ ಗುಡಿಗಳಿಗೆ ಎತ್ತರದ ಜಗಲಿ ಇದೆ. ಒಳಗೆ ಹೋಗಲು ಕೆಲವು ಮೆಟ್ಟಿಲು ಹತ್ತಲೇಬೇಕು. ಹತ್ತದಿದ್ದರೂ ನಷ್ಟ ಕಡಿಮೆ, ಹೊರಗೋಡೆಗಳೇ ತುಂಬಿ ತುಳುಕುತ್ತವೆ. ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ರಾಮಾಯಣವೇ ಇದೆ. ರಾಮಾಯಣವನ್ನು ಬಾಯಿಪಾಠ ಮಾಡಿದ ಅಜ್ಜಿ ಜತೆಗಿದ್ದರೆ ನೀವು ಗೈಡ್ ಹಿಡಿಯುವುದೇ ಬೇಡ, ಅವರೇ ಹೇಳುತ್ತಾರೆ. ಆದರೆ ಪಾಪನಾಥ ಉಳಿದ ಗುಡಿಗಳಿಂದ ಸ್ವಲ್ಪ ದಕ್ಷಿಣಕ್ಕೆ, ಬೇರೆಯಾಗಿದೆ. ಮೊದಲು ಅಂಗಳ ಪೂರ್ತಿ ಸುತ್ತಿ ಕೊನೆಗೆ ಅಲ್ಲಿಗೆ ಹೊರಟರೆ ಕಾಲು ಸೋತಿರುತ್ತದೆ. ಅದು ಬೇಕೇ ಬೇಕು ಅಂದರೆ ಮೊದಲೇ ಅಲ್ಲಿಗೆ ಹೋಗಿ ಬನ್ನಿ.

ಒಂದೇ ಗುಡಿಯ ಒಳಗೆ ಹೋಗುವಷ್ಟು ಶಕ್ತಿ ಇದ್ದರೆ ವಿರೂಪಾಕ್ಷ ಗುಡಿ ಆರಿಸಿ. ಚಾಲುಕ್ಯ ರಾಜ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಇವತ್ತಿಗೂ ಪೂಜೆ ನಡೆಯುತ್ತದೆ. ಹಿರಿಯರಿಗೆ ಅದು ಬೇರೆಯದೇ ಸಮಾಧಾನ. ಕಂಬಗಳ ಮೇಲೆ ಮಹಾಭಾರತದ ಕತೆ ಕಿರಿದಾಗಿ ಕೆತ್ತಿದ್ದಾರೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು, ಆಕೆಯೂ ಅದೇ ರಾಜನ ರಾಣಿ. ಅಕ್ಕ-ತಂಗಿಯರ ಗುಡಿಗಳು ಹೀಗೆ ಪಕ್ಕಪಕ್ಕದಲ್ಲಿ ನಿಂತಿರುವುದನ್ನು ನೋಡಿ ನಮ್ಮ ಅತ್ತೆ ಅಲ್ಲೇ ತಮ್ಮ ತಂಗಿಗೆ ಫೋನ್ ಮಾಡಿದ್ದರು.

ಇಲ್ಲಿನ ಕೊರತೆ ನೆರಳು. ಅಂಗಳ ಬಯಲು. ಬೆಳಿಗ್ಗೆ ಎಂಟಕ್ಕೆ ಬಂದು ಹತ್ತೂವರೆಗೆ ಹೊರಟುಬಿಡಿ. ಇಲ್ಲವಾದರೆ ಸಂಜೆ ನಾಲ್ಕರ ನಂತರ ಬನ್ನಿ.

ಬಾದಾಮಿ: ಎಲ್ಲಿಯವರೆಗೆ ಅಂತ ಮೊದಲೇ ತೀರ್ಮಾನಿಸಿ

ಬಾದಾಮಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಗುಹೆಗಳು. ನಾಲ್ಕು ಗುಹೆ, ಕೆಂಪು ಬೆಟ್ಟದ ಮೇಲೆ ಒಂದರ ಮೇಲೊಂದು. ನೆಲದಿಂದ ಮೊದಲ ಗುಹೆಗೆ ಎರಡು ಮೂರು ಮಹಡಿ ಹತ್ತಿದ ಹಾಗೆ. ಅಲ್ಲಿಂದ ಎರಡನೆಯದಕ್ಕೆ ಸುಮಾರು ಅರವತ್ತು ಮೆಟ್ಟಿಲು. ಎರಡರಿಂದ ಮೂರಕ್ಕೆ ಮತ್ತೆ ಅಷ್ಟೇ. ನಾಲ್ಕನೆಯದು ಮೂರನೆಯದರ ಹತ್ತಿರವೇ. ಒಟ್ಟು ಲೆಕ್ಕ ಹಾಕಿದರೆ ನಿಮ್ಮ ಮನೆಯ ಮಹಡಿಯನ್ನು ಎಂಟೊಂಬತ್ತು ಸಲ ಹತ್ತಿದಂತೆ, ಅದೂ ಏರುಪೇರಿನ ಕಲ್ಲಿನ ಮೇಲೆ. ಹೊರಡುವ ಹದಿನೈದು ದಿನ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಮಹಡಿ ಮೂರು ಸಲ ನಿಧಾನ ಹತ್ತಿ ಇಳಿದು, ಆಮೇಲೆ ಆರಾಮಾಗಿ ಮಾತಾಡಲು ಆದರೆ ಮೊದಲ ಗುಹೆ ಅವರದು. ಮರುದಿನ ಮೊಣಕಾಲು ಊದಿದರೆ ಅದೂ ಬೇಡ. ಎದೆ ನೋವು, ಉಸಿರಾಟದ ತೊಂದರೆ ಇದ್ದವರು ಈ ಪರೀಕ್ಷೆಗೂ ಮೊದಲು ಡಾಕ್ಟರನ್ನು ಕೇಳಬೇಕು.

ಮೊದಲ ಗುಹೆಯವರೆಗೆ ಮಾತ್ರ ಹೋದರೆ ಪ್ರಯೋಜನ ಏನು ಅಂತ ಕೇಳುತ್ತಾರೆ. ಬಾದಾಮಿಯ ಹದಿನೆಂಟು ಕೈಗಳ ನಟರಾಜ ಇರುವುದು ಅಲ್ಲೇ! ಗುಹೆಯ ಒಳಗೂ ಹೋಗಬೇಕಾಗಿಲ್ಲ, ಬಾಗಿಲ ಬಲಗಡೆಯ ಬಂಡೆಯಲ್ಲೇ ನಿಂತಿದ್ದಾನೆ. ಎರಡು ಎರಡು ಕೈ ಜೋಡಿಸಿ ನೋಡುತ್ತಾ ಹೋದರೆ ಒಂದೊಂದು ಭಂಗಿ ಸಿಗುತ್ತದೆ. ಅಲ್ಲಿ ಹದಿನೈದು ನಿಮಿಷ ಕಳೆಯಿರಿ. ಹತ್ತಿ ಬಂದ ಉಸಿರೂ ಹದಕ್ಕೆ ಬರುತ್ತದೆ. ಹಾಗೆ ನೋಡಿದರೆ ಈ ಬೆಟ್ಟದಲ್ಲಿ ಅರ್ಧಕ್ಕೆ ನಿಂತವರಿಗೂ ಕೈ ತುಂಬಾ ಸಿಗುತ್ತದೆ. ಮೂರನೆಯ ಗುಹೆ ದೊಡ್ಡದು, ಚೆಂದದ್ದು, ಚಾಲುಕ್ಯರ ಮಂಗಲೇಶ ಬರೆಸಿದ 578ರ ಶಾಸನ ಇರುವುದು ಅಲ್ಲಿ. ಶಕ್ತಿ ಇದ್ದವರು ಬಿಡಬಾರದು. ಇಲ್ಲದವರು ಅದಕ್ಕಾಗಿ ಹಟ ಮಾಡಬಾರದು.

ಮಂಗಗಳ ಬಗ್ಗೆ ಹೇಳಲೇಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ನೀರಿನ ಬಾಟಲಿ ಕಂಡರೆ ಹಾರಿ ಬರುತ್ತವೆ. ಗಟ್ಟಿಮುಟ್ಟಾದವರಿಗೆ ಅದು ತಮಾಷೆ. ಮೆಟ್ಟಿಲ ಮೇಲೆ ಇರುವ ಅಜ್ಜಿಗೆ ಅದೇ ಬೀಳಲು ಕಾರಣ. ಎಲ್ಲವೂ ಬೆನ್ನಿನ ಬ್ಯಾಗಿನೊಳಗೆ, ಬ್ಯಾಗು ನಿಮ್ಮ ಬೆನ್ನ ಮೇಲೆ ಇರಲಿ. ಅವರ ಕೈಯಲ್ಲಿ ಊರುಗೋಲು ಬಿಟ್ಟು ಬೇರೇನೂ ಬೇಡ.

ಬಾದಾಮಿಯಲ್ಲಿ ಇನ್ನೊಂದು ದಾರಿ ಇದೆ. ಇದನ್ನು ಪ್ಯಾಕೇಜಿನವರು ತೋರಿಸುವುದಿಲ್ಲ, ನಾನು ಎಲ್ಲರಿಗೂ ಒತ್ತಾಯ ಮಾಡಿ ಹೇಳುತ್ತೇನೆ. ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಉತ್ತರ ದಂಡೆ ಹಿಡಿದು ಮ್ಯೂಸಿಯಂ ಕಡೆಯಿಂದ ಭೂತನಾಥ ಗುಡಿಗೆ ಹೋಗುವುದು. ಮೆಟ್ಟಿಲಿನ ಕಾಟ ಇಲ್ಲ. ಬಲಕ್ಕೆ ನೀರು, ಸುತ್ತ ಕೆಂಪು ಬಂಡೆ, ಎದುರಿಗೆ ನೀರಿಗೆ ಕಾಲಿಟ್ಟ ಹಾಗೆ ನಿಂತ ಗುಡಿ. ಕೆರೆಯಾಚೆ ನೀವು ಹತ್ತದ ಗುಹೆಗಳ ಬೆಟ್ಟ ಪೂರ್ತಿ ಕಾಣುತ್ತದೆ. ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿಂದ ಬೇಕಾದರೂ ತಿರುಗಬಹುದು. ಹಿಂದಿನಿಂದ ಯಾರೂ ಅವಸರ ಮಾಡುವುದಿಲ್ಲ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಅನ್ನುವ ಆ ತ್ರಿಪದಿ ಗೊತ್ತಲ್ವಾ, ಅದೇ. ಮನೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು ಇದ್ದರೆ ದಂಡೆಯ ಮೇಲೆ ನಿಂತು ಆ ದಿಕ್ಕಿಗೆ ಕೈ ತೋರಿಸಿ. ಬಾಕಿ ಅವರೇ ಹೇಳುತ್ತಾರೆ. ಅದೇ ಉತ್ತರದ ಬೆಟ್ಟದ ಕೋಟೆ, ಮೇಲಿನ ಶಿವಾಲಯ ಮಾತ್ರ ಬೇಡವೇ ಬೇಡ. ಬಂಡೆಯ ಸೀಳುಗಳ ನಡುವೆ ಕಡಿದಾದ ಏರು ಅದು.

ಮಧ್ಯಾಹ್ನ ಊಟಕ್ಕೆ ಬನಶಂಕರಿ. ಬಾದಾಮಿಯಿಂದ ಐದು ಕಿಲೋಮೀಟರ್. ದರ್ಶನ ಮುಗಿಸಿ ಹೊರಬಂದರೆ ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು ತಂದಿರುತ್ತಾರೆ. ಹಿರಿಯರ ಹೊಟ್ಟೆಗೆ ಹೋಟೆಲ್ ಊಟಕ್ಕಿಂತ ಅದೇ ಹಿತ. ನೆಲದ ಮೇಲೆ ಕೂರಲಾಗದವರಿಗೆ ಕಾರಿನಲ್ಲಿ ಒಂದು ಮಡಚುವ ಕುರ್ಚಿ ಇರಲಿ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಹಿರಿಯರನ್ನು ಕರೆತರಬೇಡಿ, ಆ ಜನಸಾಗರದಲ್ಲಿ ಕಷ್ಟ. ಹತ್ತಿರದ ಮಹಾಕೂಟವೂ ಒಳ್ಳೆಯದು. ಅಂಗಳ ಚಿಕ್ಕದು, ಮರಗಳ ನೆರಳಿದೆ, ನಡುವೆ ನೀರಿನ ಪುಷ್ಕರಣಿ. ಒಂದು ತಾಸು ಸುಮ್ನೆ ಕೂತು ಬರಬಹುದು.

ಐಹೊಳೆ, ಕೂಡಲಸಂಗಮ

ಐಹೊಳೆಯ ದುರ್ಗ ಗುಡಿಗೆ ಒಂದು ಗುಣ ಇದೆ. ಗುಡಿಯ ಸುತ್ತ ಕಂಬಗಳ ಮೊಗಸಾಲೆ. ಒಮ್ಮೆ ಜಗಲಿ ಹತ್ತಿದರೆ ನೆರಳಿನಲ್ಲೇ ಪೂರ್ತಿ ಸುತ್ತು ಬರಬಹುದು, ಗೋಡೆಯ ಗೂಡುಗಳಲ್ಲಿ ನರಸಿಂಹ, ಮಹಿಷಮರ್ದಿನಿ, ಹರಿಹರ. ಆದರೆ ಆ ಜಗಲಿಯ ಮೆಟ್ಟಿಲು ಕಡಿದು, ಇಬ್ಬರು ಕೈ ಕೊಡಬೇಕು. ಕವಿ ರವಿಕೀರ್ತಿಯ 634ರ ಶಾಸನ ಇರುವ ಮೇಗುತಿ ಗುಡಿ ಬೆಟ್ಟದ ಮೇಲಿದೆ, ಬಿಟ್ಟುಬಿಡಿ. ಪಟ್ಟದಕಲ್ಲು ನೋಡಿದವರಿಗೆ ಅದೇ ದಿನ ಐಹೊಳೆ ಬೇಡ ಅಂತ ನನ್ನ ಅಭಿಪ್ರಾಯ. ಎರಡನೆಯ ಊರಿಗೆ ಬರುವಾಗ ಹಿರಿಯರ ಕಣ್ಣಿಗೂ ದಣಿವಾಗಿರುತ್ತದೆ.

ದರ್ಶನವೇ ಮುಖ್ಯ, ಕೆತ್ತನೆ ಅಷ್ಟಾಗಿ ಬೇಡ ಅನ್ನುವವರಿಗೆ ಕೂಡಲಸಂಗಮ. ಗುಡಿ, ಕೃಷ್ಣೆ-ಮಲಪ್ರಭೆ ಕೂಡುವ ನೀರು, ದಾಸೋಹ. ಬಸವಣ್ಣನವರ ಐಕ್ಯಮಂಟಪಕ್ಕೆ ಕೆಳಗೆ ಮೆಟ್ಟಿಲಿಳಿಯಬೇಕು, ಇಳಿದಷ್ಟೂ ಹತ್ತಬೇಕು. ಆಗದವರು ಮೇಲಿನಿಂದಲೇ ಕೈ ಮುಗಿಯಬಹುದು. ಸಂಜೆ ಆಲಮಟ್ಟಿಯ ಉದ್ಯಾನ ಸೇರಿಸಿಕೊಳ್ಳಿ.

ವಿಜಯಪುರ: ಗುಮ್ಮಟ ಹತ್ತಬೇಕೋ ಬೇಡವೋ

ವಿಜಯಪುರದ ದೊಡ್ಡ ಅನುಕೂಲ ಅಂದರೆ ಎಲ್ಲವೂ ಊರೊಳಗೆ. ಗೋಳಗುಮ್ಮಟ ಪೂರ್ವದ ತುದಿಗೆ, ರೈಲ್ವೆ ಸ್ಟೇಷನ್ನಿನ ಹತ್ತಿರ. ಇಬ್ರಾಹಿಂ ರೋಜಾ ಪಶ್ಚಿಮದ ತುದಿಗೆ. ನಡುವೆ ಜುಮ್ಮಾ ಮಸೀದಿ, ಬಾರಾ ಕಮಾನ್, ಗಗನ ಮಹಲ್. ಎಲ್ಲಿಂದ ಎಲ್ಲಿಗೂ ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. ಸುಸ್ತಾದರೆ ರೂಮಿಗೆ ಹೋಗಿ ಮಲಗಿ, ಸಂಜೆ ಮತ್ತೆ ಹೊರಡಬಹುದು. ಬಾದಾಮಿ ಬಿಟ್ಟರೆ ಬಾಗಲಕೋಟೆ ಜಿಲ್ಲೆಯ ಬೇರೆ ಜಾಗಗಳಲ್ಲಿ ಇದು ಆಗುವುದಿಲ್ಲ.

ಗೋಳಗುಮ್ಮಟದ ಕಷ್ಟ ಎಲ್ಲರಿಗೂ ಗೊತ್ತು. ಮಾತು ಮರುದನಿಸುವ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಮೇಲೆ. ಮೂಲೆಯ ಗೋಪುರದೊಳಗಿನ ಏಳು ಅಂತಸ್ತಿನ ಸುತ್ತು ಮೆಟ್ಟಿಲು ಹತ್ತಬೇಕು. ನೂರಕ್ಕೂ ಜಾಸ್ತಿ. ಇಕ್ಕಟ್ಟು, ಅರೆಗತ್ತಲು, ಮೆಟ್ಟಿಲುಗಳ ಎತ್ತರ ಜಾಸ್ತಿ. ನಮ್ಮ ಕಾಕಾ 68ರ ವಯಸ್ಸಿನಲ್ಲಿ "ಹುಡುಗಿದ್ದಾಗ ಹತ್ತಿದ್ದೆ, ಈಗ್ಯಾಕ ಆಗೂದಿಲ್ಲ" ಅಂತ ಹೊರಟರು. ಮೂರನೆಯ ಅಂತಸ್ತಿನಲ್ಲಿ ಶಾಲಾ ಮಕ್ಕಳ ದಂಡು ಮೇಲಿನಿಂದ ಓಡಿ ಬಂತು. ಹಿಂದೆ ತಿರುಗಲೂ ಜಾಗ ಇಲ್ಲ. ಗೋಡೆಗೆ ಒತ್ತಿಕೊಂಡು ನಿಂತರು. ಮುಖ ಬೆವೆತಿತ್ತು. ಪ್ರತಿ ಅಂತಸ್ತಿನಲ್ಲೂ ಕಮಾನಿನ ಕಿಂಡಿ ಇದೆ, ಅಲ್ಲಿ ಗಾಳಿಗೆ ಹತ್ತು ನಿಮಿಷ ನಿಂತು ಕೆಳಗೆ ಬಂದರು. ಬಾದಾಮಿಯ ಮೆಟ್ಟಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಬಯಲಿನಲ್ಲಿ ಹತ್ತುತ್ತೀರಿ, ಬೇಕಾದಲ್ಲಿ ಕೂರುತ್ತೀರಿ, ನಡುವೆ ನಟರಾಜ ಸಿಗುತ್ತಾನೆ. ಇಲ್ಲಿ ತುದಿ ಮುಟ್ಟುವವರೆಗೆ ಏನೂ ಸಿಗುವುದಿಲ್ಲ.

ಅಂದ ಮಾತ್ರಕ್ಕೆ ಗೋಳಗುಮ್ಮಟ ಬಿಡಬೇಕಾಗಿಲ್ಲ. ಕೆಳಗಿನ ಹಜಾರವೇ ಒಂದು ಅದ್ಭುತ. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಗೋರಿ. ನಡುವೆ ಒಂದೇ ಒಂದು ಕಂಬ ಇಲ್ಲದೆ, ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ ತಲೆಯ ಮೇಲೆ ನಿಂತಿದೆ. ಗೇಟಿನಿಂದ ಉದ್ಯಾನದ ನಡುವೆ ನೇರ ದಾರಿ. ಮೇಲೆ ಹೋದ ಮೊಮ್ಮಕ್ಕಳು ಕೂಗಿದರೆ ಆ ಕೂಗು ಸುತ್ತಿ ಸುತ್ತಿ ಕೆಳಗಿನವರಿಗೂ ಕೇಳುತ್ತದೆ. ನಾವೀಗ ಹಾಗೇ ಮಾಡುವುದು. ಮಕ್ಕಳು ಮೇಲೆ, ಹಿರಿಯರು ಕೆಳಗೆ. ಮೇಲಿನಿಂದ "ಅಜ್ಜೀ" ಅಂತ ಒಂದು ಕೂಗು, ಕೆಳಗಿನಿಂದ ಅಜ್ಜಿಯ ಉತ್ತರ. ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಹತ್ತು ಗಂಟೆಯ ನಂತರ ಶಾಲಾ ಪ್ರವಾಸದ ಬಸ್ಸುಗಳು ಬಂದರೆ ಕೂಗಾಟದಲ್ಲಿ ಏನೂ ಕೇಳುವುದಿಲ್ಲ. ಗುಮ್ಮಟದ ಎದುರಿಗಿರುವ ಮ್ಯೂಸಿಯಂ ನೋಡುವ ಆಸೆ ಇದ್ದರೆ ಶುಕ್ರವಾರ ಬಿಟ್ಟು ಬೇರೆ ದಿನ ಬನ್ನಿ.

ಆದರೆ ಹಿರಿಯರಿಗೆ ವಿಜಯಪುರದಲ್ಲಿ ಒಂದೇ ಜಾಗ ಅಂದರೆ ನಾನು ಇಬ್ರಾಹಿಂ ರೋಜಾ ಅನ್ನುತ್ತೇನೆ. ಇಲ್ಲಿ ಗದ್ದಲ ಕಡಿಮೆ, ಹುಲ್ಲುಹಾಸು, ನಡುವೆ ಒಂದೇ ಜಗಲಿಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ. ಜಗಲಿಗೆ ಕೆಲವು ಮೆಟ್ಟಿಲಿದೆ, ಚಪ್ಪಲಿ ಬಿಡಬೇಕು. ಹತ್ತಿದ ಮೇಲೆ ಸುತ್ತಲೂ ಕಮಾನುಗಳ ನೆರಳು. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಂತೆ ಕೊರೆದ ಕಿಟಕಿಗಳು, ಅವುಗಳ ಮೂಲಕ ಒಳಗೆ ಬೀಳುವ ಬೆಳಕು. ಹತ್ತದೆ ಹುಲ್ಲಿನ ಪಕ್ಕದಲ್ಲೇ ಕೂತರೂ ಎರಡೂ ಕಟ್ಟಡ, ಮಿನಾರುಗಳು ಪೂರ್ತಿ ಕಣ್ಣಿಗೆ ಸಿಗುತ್ತವೆ. ಸಂಜೆ ನಾಲ್ಕೂವರೆಗೆ ಹೋದರೆ ಬಿಸಿಲೂ ಇಲ್ಲ.

ಜುಮ್ಮಾ ಮಸೀದಿಯ ವಿಶಾಲ ಹಜಾರ ತಂಪು. ನೆಲದ ಮೇಲೆ ನಮಾಜಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಚೌಕ ಬರೆದಿದ್ದಾರೆ. ನಮಾಜಿನ ಹೊತ್ತು ತಪ್ಪಿಸಿ ಹೋಗಿ. ಬಾರಾ ಕಮಾನ್ ಹೊರಗಿನಿಂದ ನೋಡಿದರೂ ಸಾಕು. ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲಿದೆ, ಹತ್ತಬೇಕು. 55 ಟನ್ನಿನ ತೋಪು ಅಂದರೆ ಅಜ್ಜಂದಿರಿಗೆ ಆಸೆ ಆಗುತ್ತದೆ, ಕಾಲು ಗಟ್ಟಿ ಇದ್ದರೆ ಆಗಲಿ. ಉಪ್ಪಲಿ ಬುರುಜು ಬೇಡ. ಹೊರಗಿನಿಂದ ಸುತ್ತಿಕೊಂಡ ಮೆಟ್ಟಿಲು, ಇಳಿಯುವಾಗ ಎದೆ ನಡುಗುತ್ತದೆ.

ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರಕ್ಕೂ ಬಾದಾಮಿಗೂ ಹಿರಿಯರನ್ನು ಕರೆತರಲೇಬೇಡಿ. 40 ಡಿಗ್ರಿ ದಾಟುವ ಬಿಸಿಲು. ರಜೆ ಸಿಕ್ಕಿತು ಅಂತ ಮೊಮ್ಮಕ್ಕಳ ಜತೆ ಬಂದು ಒದ್ದಾಡಿದವರನ್ನು ಕಂಡಿದ್ದೇನೆ.

ಬೆಳಗಾವಿ: ಹವೆಗಾಗಿ

ಬಿಸಿಲು ತಡೆಯದವರಿಗೆ ಬೆಳಗಾವಿಯೇ ಸರಿ. ಊರು ಎತ್ತರದಲ್ಲಿದೆ, ತಂಪು. ಕೋಟೆ ಬಸ್ ನಿಲ್ದಾಣದ ಹತ್ತಿರವೇ. ಒಳಗೆ ಡಾಂಬರು ರಸ್ತೆ, ದೊಡ್ಡ ಮರಗಳು, ವಾಹನವೂ ಹೋಗುತ್ತದೆ. ಕಮಲ ಬಸದಿಯ ಬಾಗಿಲ ಹತ್ತಿರವೇ ಇಳಿದು, ನೋಡಿ, ಮತ್ತೆ ಹತ್ತಿಕೊಂಡು ಮುಂದಿನ ಜಾಗಕ್ಕೆ ಹೋಗಬಹುದು. ಗಾಲಿಕುರ್ಚಿ ಬೇಕಾದವರಿಗೆ ಈ ನಾಲ್ಕರಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಕುರ್ಚಿ ಮಾತ್ರ ನೀವೇ ತನ್ನಿ, ಹೊಸ್ತಿಲು ದಾಟಿಸಲು ಇಬ್ಬರು ಬೇಕು.

ಬಸದಿ 1204ರದು, ರಟ್ಟ ಅರಸರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಚಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಕತ್ತು ಮೇಲೆತ್ತಿದರೆ ತಲೆ ಸುತ್ತುವವರು ಬಹಳ. ಅವರಿಗೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಚ್ಚಿ, ಎದೆಯ ಮಟ್ಟದಲ್ಲಿ ಅಂಗಾತ ಹಿಡಿದು ಕೊಡಿ. ಕನ್ನಡಿಯಲ್ಲಿ ನೋಡಿದ ಹಾಗೆ ಚಾವಣಿ ಪೂರ್ತಿ ಕೈಯಲ್ಲಿ ಕಾಣುತ್ತದೆ. ಕೋಟೆಯೊಳಗೇ ರಾಮಕೃಷ್ಣ ಆಶ್ರಮವೂ ಇದೆ. 1892ರಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದಿದ್ದರು. ಶಾಂತ ಜಾಗ, ಕೂತು ಧ್ಯಾನ ಮಾಡುವವರಿಗೆ ಹೇಳಿ ಮಾಡಿಸಿದ್ದು.

ನಿಜ ಹೇಳಬೇಕೆಂದರೆ, ನೋಡುವ ಸರಕಿನಲ್ಲಿ ಬೆಳಗಾವಿ ಊರು ಬಾದಾಮಿಗೂ ವಿಜಯಪುರಕ್ಕೂ ಸಮ ಅಲ್ಲ. ಒಂದು ಬೆಳಿಗ್ಗೆಗೆ ಸಾಕು. ಅದಕ್ಕೆ ಕಿತ್ತೂರು ಜೋಡಿಸಿ, ಧಾರವಾಡದ ಹೆದ್ದಾರಿಯಲ್ಲೇ ಸಿಗುತ್ತದೆ. 1824ರಲ್ಲಿ ಚೆನ್ನಮ್ಮ ಬ್ರಿಟಿಷರನ್ನು ಸೋಲಿಸಿದ ಕೋಟೆ. ಅರಮನೆಯ ಪಾಯ, ಗೋಡೆಗಳು, ಒಂದು ಮ್ಯೂಸಿಯಂ. ಗೋಕಾಕ ಜಲಪಾತ 52 ಮೀಟರ್ ಧುಮುಕುವುದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಬರಬೇಕು. ಆಗ ಬಂಡೆ ಜಾರುತ್ತದೆ, ಭಾನುವಾರ ಜನವೋ ಜನ. ವಾರದ ನಡುವೆ ಬಂದು, ರಸ್ತೆಯ ಹತ್ತಿರದಿಂದಲೇ ನೋಡಿ ಹೊರಡಿ.

ದುಡ್ಡಿನ ಲೆಕ್ಕ

ಟಿಕೆಟ್ಟಿನ ಖರ್ಚು ಏನೂ ಅಲ್ಲ. ಭಾರತೀಯರಿಗೆ ಪಟ್ಟದಕಲ್ಲಿಗೆ 40 ರೂಪಾಯಿ, ಬಾದಾಮಿ ಗುಹೆ, ಗೋಳಗುಮ್ಮಟ, ಇಬ್ರಾಹಿಂ ರೋಜಾಕ್ಕೆ 25. ಆನ್‌ಲೈನಿನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. ಭೂತನಾಥದ ದಂಡೆಯ ನಡಿಗೆ ಪುಕ್ಕಟೆ. ಖರ್ಚೆಲ್ಲ ವಾಹನದ್ದು.

ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ವಿಜಯಪುರವೇ ಅನುಕೂಲ. ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಇಳಿದರೆ ಮುಂದೆ ಆಟೊ ಸಾಕು. ರೈಲಿನಲ್ಲಿ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಬುಕ್ ಮಾಡುವಾಗ ಕೇಳಿ. ಬಾದಾಮಿಯಲ್ಲೂ ಅದೇ ರೈಲು ನಿಲ್ಲುತ್ತದೆ, ಆದರೆ ಸ್ಟೇಷನ್ ಊರಿಂದ ಐದು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಂಗಸರಿಗೆ ಪುಕ್ಕಟೆ, 60 ದಾಟಿದ ಗಂಡಸರಿಗೆ ಕಾಲು ಭಾಗ ರಿಯಾಯಿತಿ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಗುಡಿಯ ಎಲ್ಲ ಮೆಟ್ಟಿಲಿಗಿಂತ ಎತ್ತರ. ಮೊಣಕಾಲಿನ ಶಕ್ತಿ ಅಲ್ಲೇ ಖರ್ಚಾದರೆ ಪಟ್ಟದಕಲ್ಲಿಗೆ ಏನು ಉಳಿಯುತ್ತದೆ? ಅಷ್ಟರ ಮಟ್ಟಿಗೆ ಪಟ್ಟದಕಲ್ಲು, ಐಹೊಳೆಗೆ ಕಾರು ಮಾಡಿ. ದೊಡ್ಡ ಎತ್ತರದ ಗಾಡಿ ಬೇಡ, ತಗ್ಗಿನ ಕಾರು ಹೇಳಿ. ಹತ್ತಿ ಇಳಿಯುವುದು ದಿನಕ್ಕೆ ಹತ್ತು ಸಲ ಆಗುತ್ತದೆ. ಟಂಟಂ ಅನ್ನುವ ಶೇರ್ ಆಟೊದಲ್ಲಿ ತುರುಕಿಕೊಂಡು ಹೋಗುವುದು ಹಿರಿಯರಿಗೆ ಶಿಕ್ಷೆ.

ಹಾಗಾದರೆ ಯಾರಿಗೆ ಯಾವುದು

ಮೊಣಕಾಲು ನೋವು, ಉಳಿದದ್ದೆಲ್ಲ ಸರಿ ಅನ್ನುವವರಿಗೆ ಪಟ್ಟದಕಲ್ಲು, ಭೂತನಾಥದ ದಂಡೆ, ಬನಶಂಕರಿ. ಬಾದಾಮಿಯಲ್ಲಿ ಎರಡು ರಾತ್ರಿ ಉಳಿದು, ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ಎದೆಯ ತೊಂದರೆ ಇದ್ದು ಸಮತಟ್ಟಿನಲ್ಲಿ ನಡೆಯಬಲ್ಲವರಿಗೆ ವಿಜಯಪುರ, ಆಸ್ಪತ್ರೆಯೂ ಹತ್ತಿರ, ರೂಮೂ ಹತ್ತಿರ. ಬಿಸಿಲು, ಬರಿಗಾಲು ಆಗದವರಿಗೆ ಬೆಳಗಾವಿ. ಬರೀ ಒಂದು ದಿನ, ಒಂದೇ ಒಂದು ಜಾಗ ಅಂದರೆ ಪಟ್ಟದಕಲ್ಲು. ಇದರಲ್ಲಿ ನನಗೆ ಅನುಮಾನ ಇಲ್ಲ.

ಮನೆಯಲ್ಲಿ ಒಬ್ಬರು ಗಟ್ಟಿ, ಒಬ್ಬರು ಮೆತ್ತಗೆ ಇದ್ದರೆ ಬಾದಾಮಿ ಒಳ್ಳೆಯದು. ಮಾವ ಮಗನ ಜತೆ ಮೂರನೆಯ ಗುಹೆಗೆ ಹೋಗುವಷ್ಟರಲ್ಲಿ ಅತ್ತೆ ಸೊಸೆಯ ಜತೆ ಕೆರೆಯ ದಂಡೆಯಲ್ಲಿ ಭೂತನಾಥ ಮುಟ್ಟಿರುತ್ತಾರೆ. ಇಬ್ಬರಿಗೂ ಸಂಜೆ ಹೇಳಿಕೊಳ್ಳಲು ಬೇರೆ ಬೇರೆ ಕತೆ. ಹಿರಿಯರನ್ನು ಒಬ್ಬರೇ ಬಿಟ್ಟು ಹೋಗಬೇಡಿ, ಯಾರಾದರೂ ಜತೆಗಿರಿ. ಅವರು "ಹೋಗ್ರಿ ಹೋಗ್ರಿ" ಅಂದೇ ಅನ್ನುತ್ತಾರೆ.

ಅವ್ವನನ್ನು ಮೊನ್ನೆ ಮಾಘದಲ್ಲಿ ಮತ್ತೆ ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಇಬ್ಬರೇ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿ, ನಾಲ್ಕು ಕಡೆ ಕೂತು, ಮೊದಲ ಗುಹೆಗೆ ಇಪ್ಪತ್ತೈದು ನಿಮಿಷ ತೆಗೆದುಕೊಂಡೆವು. ನಟರಾಜನ ಮುಂದೆ ಕೂತು ಬೆರಳು ಮಡಚಿ ಕೈಗಳನ್ನು ಎಣಿಸಿದಳು. ಹದಿನಾರಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು.